ಎಪ್ಕಾಟ್‌ನ ಚೀಸ್ ಸೂಪ್ ಮನೆಯಲ್ಲಿ ಒಡೆಯೋದು ಯಾಕೆ?

ಪಾತ್ರೆಯ ಮೇಲೆ ಹಳದಿ ಜಿಡ್ಡು ತೇಲುತ್ತಿತ್ತು. ಅದರ ಕೆಳಗೆ ನೀರುನೀರಾದ ಹಾಲು. ಸೌಟಿನಿಂದ ತಳ ಕೆದಕಿದರೆ ರಬ್ಬರಿನಂಥ ಚೀಸ್ ಉಂಡೆಯೊಂದು ಸೌಟನ್ನೇ ಹಿಡಿದುಕೊಂಡು ಮೇಲೆ ಬಂತು. ಹತ್ತಿರಹತ್ತಿರ ಅರ್ಧ ಕೆಜಿ ಒಳ್ಳೆಯ ಚೆಡ್ಡರ್ ಚೀಸ್ ಹೀಗೆ ಕಣ್ಣೆದುರೇ ಹಾಳಾಯಿತು.

ರೆಸಿಪಿ ಎದುರಿಗೇ ಇತ್ತು. ಸಾಮಾನೆಲ್ಲ ಸರಿಯಾಗಿಯೇ ತಂದಿದ್ದೆ. ಎರಡೇ ಎರಡು ಕಡೆ ಸ್ವಂತ ಬುದ್ಧಿ ಓಡಿಸಿದ್ದೆ. ಸೂಪಿಗೆ ಒಂದು ಕಪ್ ಮೈದಾ ಯಾಕಪ್ಪಾ ಇಷ್ಟೊಂದು ಅಂತ ಕಾಲು ಕಪ್ಪಿಗೆ ಇಳಿಸಿದ್ದೆ. ಚೀಸ್ ಬೇಗ ಕರಗಲಿ ಅಂತ ಉರಿ ಜಾಸ್ತಿ ಮಾಡಿದ್ದೆ. ಈ ಸೂಪಿನ ಗುಟ್ಟೆಲ್ಲ ಇರೋದೇ ಆ ಎರಡು ಕಡೆ ಅಂತ ಆಮೇಲೆ ಗೊತ್ತಾಯಿತು.

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಎಪ್ಕಾಟ್ ಅಂತ ಒಂದು ಪಾರ್ಕ್ ಇದೆ. 1982ರ ಅಕ್ಟೋಬರ್ 1ರಂದು ಶುರುವಾದದ್ದು. ಅದರ ಒಂದು ಭಾಗದಲ್ಲಿ ದೊಡ್ಡ ಕೆರೆ, ಕೆರೆಯ ಸುತ್ತ 11 ದೇಶಗಳ ಪೆವಿಲಿಯನ್‌ಗಳು. ಕೆನಡಾ ಪೆವಿಲಿಯನ್‌ನಲ್ಲಿ ಒಟ್ಟಾವಾದ ಶಾಟೋ ಲಾರಿಯೆ ಹೋಟೆಲನ್ನು ನೋಡಿ ಕಟ್ಟಿದ ಕಟ್ಟಡವಿದೆ. ಅದರ ಅಡಿಯಲ್ಲಿ ಲ ಸೆಲ್ಲಿಯೆ ಎಂಬ ಸ್ಟೇಕ್‌ಹೌಸ್, ಅಂದರೆ ಸುಟ್ಟ ಮಾಂಸದ ಊಟದ ಹೋಟೆಲ್. ಫ್ರೆಂಚ್‌ನಲ್ಲಿ ಉಗ್ರಾಣ ಅನ್ನುವ ಅರ್ಥದ ಹೆಸರು. ಹೆಸರಿಗೆ ತಕ್ಕ ಹಾಗೆ ಒಳಗೆ ಕಲ್ಲಿನ ಕಮಾನು, ಮಂದ ಬೆಳಕು, ತಂಪು. ಹೊರಗೆ ಫ್ಲಾರಿಡಾದ ಸುಡುಬಿಸಿಲು. ಆ ಬಿಸಿಲಿನಿಂದ ಒಳಗೆ ಬಂದವರು ಬಿಸಿಬಿಸಿ ಚೀಸ್ ಸೂಪ್ ಕೇಳುತ್ತಾರೆ ಅಂದರೆ ಅದರಲ್ಲಿ ಏನೋ ಇರಲೇಬೇಕು, ಅಲ್ವಾ? ಎಪ್ಕಾಟ್‌ನ ಫುಡ್ ಅಂಡ್ ವೈನ್ ಹಬ್ಬದಲ್ಲಿ ಕೆನಡಾದ ಅಂಗಡಿಯಲ್ಲೂ ಜನ ಸಾಲು ನಿಂತು ಇದೇ ಸೂಪನ್ನು ಪುಟ್ಟ ಬಟ್ಟಲಲ್ಲಿ ಕುಡಿಯುತ್ತಾರೆ.

ಇದರ ರೆಸಿಪಿ ಗುಟ್ಟಿನದಲ್ಲ. ಡಿಸ್ನಿಯವರೇ ಹಂಚಿದ್ದಾರೆ. ಎಷ್ಟೋ ವರ್ಷಗಳಿಂದ ಜನರ ಕೈಯಲ್ಲಿ ಓಡಾಡುತ್ತಿದೆ. ಆದರೆ ರೆಸಿಪಿ ಅನ್ನೋದು ಏನು ಹಾಕಬೇಕು, ಎಷ್ಟು ಹಾಕಬೇಕು ಅಂತ ಹೇಳುತ್ತದೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ. ದಿನಾ ಅದನ್ನೇ ಮಾಡುವ ಅಡುಗೆಯವರಿಗೆ ಅದು ಬೇಕಾಗಿಯೂ ಇಲ್ಲ. ಅವರ ಕೈಗೆ ಹದ ಕೂತಿರುತ್ತದೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ‘ಯಾಕೆ’ ಗೊತ್ತಿಲ್ಲದಿದ್ದರೆ ನನ್ನ ಹಾಗೆ ಜಿಡ್ಡು ನೋಡುತ್ತಾ ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು. ಪಾರ್ಕಿನ ತಿನಿಸುಗಳೆಲ್ಲ ಮನೆಯಲ್ಲಿ ಬರುವುದಿಲ್ಲ. ಡೋಲ್ ವಿಪ್ ಅಂತ ಡಿಸ್ನಿ ಪಾರ್ಕುಗಳಲ್ಲಿ ಸಿಗುವ, ಐಸ್‌ಕ್ರೀಮಿನಂಥ ಅನಾನಸ್ ತಿನಿಸಿನ ಹೆಸರು ಕೇಳಿರಬಹುದು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಪಾರ್ಕುಗಳು ಮುಚ್ಚಿದ್ದಾಗ ಡಿಸ್ನಿ ಅದರ ಮನೆ ರೆಸಿಪಿ ಹೊರಬಿಟ್ಟಿತು. ಒಂದು ದೊಡ್ಡ ಸ್ಕೂಪ್ ವೆನಿಲಾ ಐಸ್‌ಕ್ರೀಮ್, 120 ಮಿ.ಲೀ. ಅನಾನಸ್ ರಸ, 2 ಕಪ್ ಫ್ರೀಜರ್‌ನಲ್ಲಿಟ್ಟ ಅನಾನಸ್ ಹೋಳು. ಮೂರನ್ನೂ ಮಿಕ್ಸಿಯಲ್ಲಿ ತಿರುಗಿಸಿದರೆ ಆಯಿತು. ಚೆನ್ನಾಗಿರುತ್ತದೆ, ಆದರೆ ಅದು ಡೋಲ್ ವಿಪ್ ಅಲ್ಲ. ಪಾರ್ಕಿನದನ್ನು ಸಾಫ್ಟ್ ಸರ್ವ್ ಯಂತ್ರದಲ್ಲಿ ಮಾಡುತ್ತಾರೆ. ಆ ಯಂತ್ರ ಮಿಶ್ರಣವನ್ನು ಸರಸರನೆ ಹೆಪ್ಪುಗಟ್ಟಿಸುತ್ತಾ ಒಳಗೆ ಗಾಳಿ ತುಂಬುತ್ತದೆ. ಹಾಗಾಗಿ ಐಸ್ ಕಣಗಳು ನಾಲಿಗೆಗೆ ಸಿಗದಷ್ಟು ಸಣ್ಣಗಿರುತ್ತವೆ. ಮಿಕ್ಸಿಗೆ ಆ ಕೆಲಸ ಬರುವುದಿಲ್ಲ. ಆ ನುಣುಪಿನ ಕೊರತೆಯನ್ನು ತುಂಬಲು ಮನೆ ರೆಸಿಪಿಯಲ್ಲಿ ಐಸ್‌ಕ್ರೀಮ್ ಬಂದಿದೆ ಅಂತ ನನ್ನ ಲೆಕ್ಕ. ಮನೆಯಲ್ಲಿ ಏನನ್ನಾದರೂ ಮಾಡಲು ಹೊರಡುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಇದನ್ನು ಮಾಡಿದ್ದು ಯಂತ್ರವೋ, ಕೈಯೋ? ಚೀಸ್ ಸೂಪಿಗೆ ಬೇಕಾಗಿರೋದು ಒಂದು ದಪ್ಪ ತಳದ ಪಾತ್ರೆ, ಒಂದು ತಂತಿ ಕಡೆಗೋಲು, ಅಂದರೆ ವಿಸ್ಕ್, ಅಷ್ಟೇ. ಹಾಗಾಗಿ ಇದು ಮನೆಯಲ್ಲಿ ನಿಜಕ್ಕೂ ಆಗುವ ಅಡುಗೆ.

ಈಗ ಅಳತೆ. ಹತ್ತು ಜನರಿಗೆ ಅಂತ ಇರುವ ರೆಸಿಪಿ. 227 ಗ್ರಾಂ ಬೇಕನ್ (ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಮಾಂಸದ ಪಟ್ಟಿ), ಒಂದು ಮಧ್ಯಮ ಗಾತ್ರದ ಕೆಂಪು ಈರುಳ್ಳಿ, ಮೂರು ದಂಟು ಸೆಲರಿ, 4 ದೊಡ್ಡ ಚಮಚ ಬೆಣ್ಣೆ, 1 ಕಪ್ ಮೈದಾ, 3 ಕಪ್ ಚಿಕನ್ ಸ್ಟಾಕ್ (ಕೋಳಿ ಬೇಯಿಸಿ ಸೋಸಿದ ರಸ), 4 ಕಪ್ ಗಟ್ಟಿ ಹಾಲು, 454 ಗ್ರಾಂ ಬಿಳಿ ಚೆಡ್ಡರ್, ಟಬಾಸ್ಕೊ ಎಂಬ ಖಾರದ ಸಾಸ್ ಮತ್ತು ವೂಸ್ಟರ್‌ಶೈರ್ ಸಾಸ್ ಒಂದೊಂದು ದೊಡ್ಡ ಚಮಚ, ಕೊನೆಗೆ ಅರ್ಧ ಕಪ್ ಬೆಚ್ಚಗಿನ ಬಿಯರ್. ಅಮೆರಿಕದ ಕಪ್ ಅಂದರೆ ಸುಮಾರು 237 ಮಿ.ಲೀ. ಚಹಾ ಕಪ್ಪಿನಲ್ಲಿ ಅಳೆದು ಆಮೇಲೆ ರೆಸಿಪಿಗೆ ಬಯ್ಯಬೇಡಿ.

ಈ ಪಟ್ಟಿಯನ್ನು ಒಮ್ಮೆ ಕೂತು ಲೆಕ್ಕ ಹಾಕಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಂದು ಕಪ್ ಮೈದಾ ಸುಮಾರು 125 ಗ್ರಾಂ. ನಾಲ್ಕು ಚಮಚ ಬೆಣ್ಣೆ 57 ಗ್ರಾಂ. ಮೈದಾ ಹುರಿದು ಸೂಪ್ ಗಟ್ಟಿ ಮಾಡುವ ಈ ವಿಧಾನಕ್ಕೆ ಫ್ರೆಂಚ್ ಅಡುಗೆಯಲ್ಲಿ ರೂ ಅನ್ನುತ್ತಾರೆ. ಅದರ ಹಳೆಯ ನಿಯಮ: ಮೈದಾ ಎಷ್ಟು ತೂಕವೋ ಕೊಬ್ಬೂ ಅಷ್ಟೇ ತೂಕ. ಇಲ್ಲಿ ಬೆಣ್ಣೆ ಅರ್ಧಕ್ಕೂ ಬರುವುದಿಲ್ಲ. ಮಿಕ್ಕಿದ್ದು ಎಲ್ಲಿಂದ? ಬೇಕನ್ನಿನಿಂದ. ಸಣ್ಣ ಉರಿಯಲ್ಲಿ ಹುರಿದಾಗ ಬೇಕನ್ ಬಿಡುವ ಕೊಬ್ಬೇ ಉಳಿದರ್ಧ. ಅಂದರೆ ಬೇಕನ್ ಇಲ್ಲಿ ಬರೀ ರುಚಿಗೆ ಅಲ್ಲ, ಸೂಪಿನ ಮೈ ಕಟ್ಟುವುದಕ್ಕೂ ಬೇಕು. ಹುರಿದ ಮೇಲೆ ‘ಜಿಡ್ಡು ಜಾಸ್ತಿ ಆಯ್ತು’ ಅಂತ ಆ ಕೊಬ್ಬನ್ನು ಚೆಲ್ಲಿದರೆ ಮೈದಾ ಒಣಒಣ ಉಂಡೆಯಾಗಿ ತಳ ಹಿಡಿಯುತ್ತದೆ. ಬೇಕನ್ ಬೇಡ ಅನ್ನುವವರು ಬೆಣ್ಣೆಯನ್ನು 120 ಗ್ರಾಂವರೆಗೆ ಏರಿಸಲೇಬೇಕು. ಸಸ್ಯಾಹಾರಿ ರೂಪದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬೇಕನ್ ತೆಗೆದುಬಿಡುತ್ತಾರೆ, ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದಿಲ್ಲ.

ಬೇಕನ್ ಹೊಗೆಯ ಪರಿಮಳವನ್ನೂ ಕೊಡುತ್ತದೆ. ಅದಕ್ಕೆ ಬದಲಾಗಿ ಒಂದು ಟೀ ಚಮಚ ಹೊಗೆಯಾಡಿಸಿದ ಪಾಪ್ರಿಕಾ ಮೆಣಸಿನ ಪುಡಿ ಸಾಕು. ಅದನ್ನು ಮೈದಾಗೆ ಸ್ವಲ್ಪ ಮೊದಲು ಕೊಬ್ಬಿಗೇ ಹಾಕಬೇಕು, ಪರಿಮಳ ಕೊಬ್ಬಿನಲ್ಲೇ ಬಿಡೋದು. ತುಂಬ ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಸ್ಟಾಕ್ ತರಕಾರಿಯದ್ದಾಗಲಿ. ಸಸ್ಯಾಹಾರಿಗಳು ಇನ್ನೆರಡು ಕಡೆ ಲೇಬಲ್ ಓದಬೇಕು. ವೂಸ್ಟರ್‌ಶೈರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಅದಿಲ್ಲದ್ದೂ ಸಿಗುತ್ತದೆ. (ಅದೇ ಸಾಸ್‌ನಲ್ಲಿ ಹುಣಸೆಹಣ್ಣೂ ಇದೆ. ಆ ಹುಳಿ ಎಲ್ಲೋ ತಿಂದ ಹಾಗಿದೆಯಲ್ಲ ಅಂತ ಅನ್ನಿಸಿದರೆ ನಾಲಿಗೆ ಸುಳ್ಳು ಹೇಳುತ್ತಿಲ್ಲ.) ಎರಡನೆಯದು ಚೀಸ್. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿದ ಚೆಡ್ಡರ್‌ಗಳೂ ಇವೆ, ಬಳಸದವೂ ಇವೆ.

ಈಗ ಒಲೆ ಹಚ್ಚೋಣ. ಬೇಕನ್ ತುಸು ಕೆಂಪಾದ ಮೇಲೆ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ. ಈರುಳ್ಳಿ ಮೆತ್ತಗಾಗಲು ಐದು ನಿಮಿಷ. ಆಮೇಲೆ ಮೈದಾ ಹಾಕಿ ನಾಲ್ಕು ನಿಮಿಷ ಕೈಬಿಡದೆ ಕೆದಕಬೇಕು. ಹಸಿ ವಾಸನೆ ಹೋಗಬೇಕು, ಬಣ್ಣ ಮಾತ್ರ ತಿರುಗಬಾರದು. ಮೈದಾ ಕೆಂಪಾದಷ್ಟೂ ಅದರ ಗಟ್ಟಿ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಚೆನ್ನಾಗಿ ಹುರಿದರೆ ರುಚಿ ಜಾಸ್ತಿ ಅನ್ನುವ ನಮ್ಮ ಕೈಯ ಅಭ್ಯಾಸವನ್ನು ಇಲ್ಲಿ ಕಟ್ಟಿಹಾಕಬೇಕು.

ಈ ನಾಲ್ಕು ನಿಮಿಷದಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಮೈದಾದ ಒಂದೊಂದು ಕಣಕ್ಕೂ ಕೊಬ್ಬು ಸವರಿಕೊಳ್ಳುತ್ತದೆ. ಹಾಗಾಗಿ ಸ್ಟಾಕ್ ಸುರಿದಾಗ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದೆ ಬಿಡಿಬಿಡಿಯಾಗಿ ಹರಡುತ್ತವೆ. ಮೊದಲ ಅರ್ಧ ಕಪ್ ಸ್ಟಾಕ್ ಹಾಕಿದಾಗ ಪಾತ್ರೆಯಲ್ಲಿರೋದು ಗಟ್ಟಿ ಗೋಂದಿನ ಹಾಗೆ ಬಿಗಿಯಾಗುತ್ತದೆ. ಹೆದರಬೇಡಿ. ವಿಸ್ಕ್ ಆಡಿಸುತ್ತಾ ಇನ್ನಷ್ಟು ಹಾಕಿ. ಮೂರನೇ ಸಲಕ್ಕೆ ಸಡಿಲವಾಗಿ ನುಣ್ಣಗಾಗುತ್ತದೆ. ಒಂದೇ ಸಲಕ್ಕೆ ಮೂರೂ ಕಪ್ ಸುರಿದವರು ಆಮೇಲೆ ಗಂಟು ಒಡೆಯುತ್ತಾ ಕೂರಬೇಕು.

ಒಂದು ಕುದಿ ಬಂದ ಮೇಲೆ ಉರಿ ತಗ್ಗಿಸಿ ಕಾಲು ಗಂಟೆ. ಗೋಧಿಯ ಪಿಷ್ಟ ಸುಮಾರು 60 ಡಿಗ್ರಿಯಲ್ಲಿ ನೀರು ಕುಡಿದು ಉಬ್ಬಲು ಶುರುಮಾಡುತ್ತದೆ. ಪೂರ್ತಿ ಗಟ್ಟಿಯಾಗಲು ಕುದಿಯ ಹತ್ತಿರಕ್ಕೆ ಹೋಗಬೇಕು. ಆ ಕಾಲು ಗಂಟೆ ಕೊಡದಿದ್ದರೆ ನಾಲಿಗೆಗೆ ಹಿಟ್ಟುಹಿಟ್ಟು ಸಿಗುತ್ತದೆ. ಆಮೇಲೆ ಹಾಲು, ಮತ್ತೆ ಕಾಲು ಗಂಟೆ ಸಣ್ಣ ಉರಿ. ಹಾಲನ್ನು ಮೊದಲೇ ಯಾಕೆ ಹಾಕಬಾರದು? ಅದು ತಳ ಹಿಡಿಯುತ್ತದೆ. ಹೆಚ್ಚು ಹೊತ್ತು ಕುದಿಯುವ ಕೆಲಸವನ್ನು ಸ್ಟಾಕ್ ಮುಗಿಸಿಕೊಟ್ಟರೆ ಹಾಲಿಗೆ ಕಷ್ಟ ಕಡಿಮೆ.

ಇಲ್ಲಿಯವರೆಗೆ ಯಾರು ಮಾಡಿದರೂ ಹೆಚ್ಚುಕಮ್ಮಿ ಸರಿಯಾಗುತ್ತದೆ. ಅದೃಷ್ಟ ಪರೀಕ್ಷೆ ಚೀಸ್ ಹಾಕುವಾಗ.

ಚೆಡ್ಡರ್ ಒಂದು ತುಂಡನ್ನು ಕೈಯಲ್ಲಿ ಹಿಡಿದರೆ ಒಂದೇ ವಸ್ತು ಅನ್ನಿಸುತ್ತದೆ. ಒಳಗೆ ಹಾಗಿಲ್ಲ. ಕೇಸೀನ್ ಎಂಬ ಹಾಲಿನ ಪ್ರೋಟೀನ್ ಬಲೆಯ ಹಾಗೆ ಹೆಣೆದುಕೊಂಡಿರುತ್ತದೆ. ಬಲೆಯ ಗಂಟುಗಳನ್ನು ಬಿಗಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ. ಬಲೆಯ ಕಣ್ಣುಗಳಲ್ಲಿ ಕೊಬ್ಬಿನ ಹನಿಗಳು, ನೀರು. ಬಿಸಿ ತಾಗಿದಾಗ ಮೊದಲು ಕೊಬ್ಬು ಕರಗುತ್ತದೆ. ಇನ್ನೂ ಬಿಸಿಯಾದಾಗ, ಸುಮಾರು 65 ಡಿಗ್ರಿಯ ಹೊತ್ತಿಗೆ, ಬಲೆ ಸಡಿಲವಾಗಿ ಚೀಸ್ ಹರಿಯುತ್ತದೆ. ನಮಗೆ ಬೇಕಾದ್ದು ಅಲ್ಲಿಗೇ ಆಯಿತು. ಕುದಿಯುವ ಸೂಪಿನಲ್ಲಿ ಬಿಟ್ಟರೆ ಬಲೆ ಮತ್ತೆ ಕುಗ್ಗಿ ಬಿಗಿಯಾಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ, ಒಳಗಿದ್ದ ನೀರು ಮತ್ತು ಕೊಬ್ಬು ಹೊರಗೆ. ಉಳಿದದ್ದು ರಬ್ಬರ್ ಉಂಡೆ. ಮೇಲೆ ತೇಲಿದ್ದು ಜಿಡ್ಡು. ನನ್ನ ಪಾತ್ರೆಯಲ್ಲಿ ಆಗಿದ್ದು ಅಕ್ಷರಶಃ ಇದೇ.

ನಾನು ಜಿಪುಣತನ ಮಾಡಿದ ಮೈದಾ ಇದ್ದಿದ್ದರೆ ಇದನ್ನು ತಡೆಯುತ್ತಿತ್ತು. ಉಬ್ಬಿದ ಪಿಷ್ಟ ಕೊಬ್ಬಿನ ಹನಿಗಳ ನಡುವೆ, ಪ್ರೋಟೀನ್‌ಗಳ ನಡುವೆ ಅಡ್ಡ ನಿಲ್ಲುತ್ತದೆ. ಹನಿ ಹನಿ ಸೇರಿ ಜಿಡ್ಡಾಗಲು ಬಿಡುವುದಿಲ್ಲ, ಪ್ರೋಟೀನ್ ಉಂಡೆ ಕಟ್ಟಲು ಬಿಡುವುದಿಲ್ಲ. ಒಂದು ಕಪ್ ಮೈದಾ ಗಟ್ಟಿಗಾಗಿ ಅಂದುಕೊಂಡಿದ್ದೆ. ಅದು ಗಟ್ಟಿಗೂ ಹೌದು, ಕಾವಲಿಗೂ ಹೌದು. ಸೂಪ್ ಗಟ್ಟಿ ಅನ್ನಿಸಿದರೆ ಕೊನೆಯಲ್ಲಿ ಬೆಚ್ಚಗಿನ ಹಾಲು ಹಾಕಿ ತೆಳು ಮಾಡಬಹುದು. ಮೈದಾವನ್ನು ಮೊದಲೇ ಕಡಿಮೆ ಮಾಡಬಾರದು.

ಹಾಗಾಗಿ ಚೀಸ್ ಹಾಕುವ ಮೊದಲು ಒಲೆ ಆರಿಸಬೇಕು. ಸುಮ್ನೆ ಉರಿ ತಗ್ಗಿಸಿದರೆ ಸಾಲದು, ಪಾತ್ರೆಯನ್ನು ಕೆಳಗಿಳಿಸಬೇಕು. ಎರಡು ಮೂರು ನಿಮಿಷ ಬಿಟ್ಟು, ತುರಿದ ಚೀಸನ್ನು ಒಂದೊಂದೇ ಹಿಡಿ ಹಾಕಿ, ಕರಗಿದ ಮೇಲೆ ಇನ್ನೊಂದು ಹಿಡಿ. ಎರಡು ಲೀಟರಿನಷ್ಟು ಸೂಪಿನಲ್ಲಿ ಚೀಸ್ ಕರಗಿಸಲು ಬೇಕಾದ ಬಿಸಿ ಧಾರಾಳವಾಗಿ ಇರುತ್ತದೆ. ಅರ್ಧ ಅಳತೆಯಲ್ಲಿ ಮಾಡುವವರು ಮಾತ್ರ ಜೋಪಾನ. ಸಣ್ಣ ಪಾತ್ರೆ ಬೇಗ ತಣಿಯುತ್ತದೆ. ಅದರ ಮೇಲೆ ಫ್ರಿಜ್‌ನ ತಣ್ಣನೆ ಚೀಸ್ ಬಿದ್ದರೆ ಅರ್ಧ ಕರಗಿ ನಿಂತುಬಿಡುತ್ತದೆ. ಆಗ ಗಾಬರಿಯಾಗಿ ಮತ್ತೆ ಒಲೆಗಿಟ್ಟು ಕುದಿಸುತ್ತೇವೆ, ಕಥೆ ಮುಗಿಯಿತು. ಚೀಸನ್ನು ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಿ.

ಯಾವ ಚೀಸ್ ಅನ್ನುವುದೂ ಮುಖ್ಯ. ತುರಿದು ಪ್ಯಾಕೆಟ್ ಮಾಡಿದ್ದು ಬೇಡ. ಎಳೆಗಳು ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಉದುರಿಸಿರುತ್ತಾರೆ. ಸೂಪಿನಲ್ಲೂ ಅವು ಸರಿಯಾಗಿ ಬೆರೆಯದೆ ಮರಳುಮರಳಾಗುತ್ತವೆ. ತುಂಡು ತಂದು ಮನೆಯಲ್ಲೇ ತುರಿಯಿರಿ. ಕೆನಡಾದಲ್ಲಿ ಚೆಡ್ಡರ್‌ಗೆ ವಯಸ್ಸು ನೋಡಿ ಮೈಲ್ಡ್, ಮೀಡಿಯಂ, ಓಲ್ಡ್ ಅಂತ ಹೆಸರಿಡುತ್ತಾರೆ. ಹಳತಾದಷ್ಟೂ ರುಚಿ ಖಡಕ್. ಆದರೆ ಹಳತಾದಷ್ಟೂ ಪ್ರೋಟೀನ್ ಬಲೆ ಒಳಗೇ ತುಂಡುತುಂಡಾಗಿರುತ್ತದೆ, ಕೊಬ್ಬನ್ನು ಹಿಡಿದಿಡುವ ತಾಕತ್ತು ಇರುವುದಿಲ್ಲ. ಎಳೆಯದು ಚೆನ್ನಾಗಿ ಕರಗುತ್ತದೆ, ರುಚಿ ಸಪ್ಪೆ. ನಾನು ಅರ್ಧ ಹಳೆಯದು, ಅರ್ಧ ಎಳೆಯದು ಹಾಕುತ್ತೇನೆ. ಬಿಳಿಯೋ ಕಿತ್ತಳೆಯೋ ಅನ್ನೋದು ಬರೀ ಬಣ್ಣದ ಮಾತು. ಕಿತ್ತಳೆ ಚೆಡ್ಡರ್‌ಗೆ ಅನ್ನಾಟೊ ಬೀಜದ ಬಣ್ಣ ಹಾಕಿರುತ್ತಾರೆ, ಅಷ್ಟೇ.

ಕ್ಯಾಲ್ಸಿಯಂ ಮಾತು ಬಂತಲ್ಲ, ಇಲ್ಲೊಂದು ಕಳ್ಳದಾರಿ ಇದೆ. ಸೋಡಿಯಂ ಸಿಟ್ರೇಟ್ ಎಂಬ ಉಪ್ಪು ಕೇಸೀನ್ ಹತ್ತಿರ ಇರುವ ಕ್ಯಾಲ್ಸಿಯಂ ಅನ್ನು ತಾನು ಎಳೆದುಕೊಳ್ಳುತ್ತದೆ. ಬಲೆಯ ಗಂಟು ಸಡಿಲವಾಗಿ ಚೀಸ್ ನುಣ್ಣಗೆ ಕರಗುತ್ತದೆ. 1911ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಇದೇ ಉಪಾಯದಿಂದ ಸಂಸ್ಕರಿಸಿದ ಚೀಸ್, ಅಂದರೆ ಪ್ರೊಸೆಸ್ಡ್ ಚೀಸ್ ಮಾಡಿದರು. 1916ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಸೋಡಿಯಂ ಸಿಟ್ರೇಟ್‌ನ ರಾಸಾಯನಿಕ ಸೂತ್ರದಲ್ಲಿ ಬರುವ ಧಾತುಗಳ ಚಿಹ್ನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದರ ಪಕ್ಕ ಒಂದು ಓದಿದರೆ ‘ನಾಚೋ’ ಅಂತ ಬರುತ್ತದೆ, ಕರಗಿದ ಚೀಸ್ ಸುರಿದು ತಿನ್ನುವ ಜೋಳದ ಚಿಪ್ಸ್‌ನ ಹೆಸರು. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಪ್ರೊಸೆಸ್ಡ್ ಚೀಸ್‌ಗಳಲ್ಲಿ ಇಂಥ ಉಪ್ಪು ಇರುವುದರಿಂದ, ಒಂದೆರಡು ಸ್ಲೈಸ್ ಹರಿದು ಸೂಪಿಗೆ ಹಾಕಿದರೂ ಒಡೆಯುವ ಭಯ ಕಡಿಮೆಯಾಗುತ್ತದೆ. ಶುದ್ಧವಾದಿಗಳು ಮೂಗು ಮುರಿಯಬಹುದು. ಮುರಿಯಲಿ ಬಿಡಿ.

ಚೀಸ್ ಕರಗಿದ ಮೇಲೆ ಎರಡೂ ಸಾಸ್. ಎರಡರಲ್ಲೂ ವಿನೆಗರ್ ಇದೆ, ಬಿಸಿ ಹಾಲಿಗೆ ಹುಳಿ ಬಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಪ್ರಮಾಣ ಸಣ್ಣದು, ಪಿಷ್ಟದ ಕಾವಲಿದೆ, ಒಲೆ ಆರಿದೆ. ಹಾಗಾಗಿ ಒಡೆಯುವುದಿಲ್ಲ. ಉಪ್ಪು ಮಾತ್ರ ಎಲ್ಲಕ್ಕಿಂತ ಕೊನೆಗೆ, ರುಚಿ ನೋಡಿ. ಬೇಕನ್, ಸ್ಟಾಕ್, ಚೀಸ್, ಸಾಸ್ ಎಲ್ಲವೂ ಮೊದಲೇ ಉಪ್ಪುಪ್ಪು.

ಬಿಯರ್ ಯಾಕೆ? ಇಷ್ಟೊಂದು ಬೆಣ್ಣೆ, ಹಾಲು, ಚೀಸ್ ಸೇರಿದ ಮೇಲೆ ಮೂರನೇ ಚಮಚಕ್ಕೆ ನಾಲಿಗೆ ಮಂಕಾಗುತ್ತದೆ. ಬಿಯರಿನ ತುಸು ಹುಳಿ, ತುಸು ಕಹಿ ಆ ಮಂಕನ್ನು ಕತ್ತರಿಸುತ್ತದೆ. ಕಹಿ ಜಾಸ್ತಿ ಇರುವ ಬಿಯರ್ ಬೇಡ, ಲಾಗರ್ ಅನ್ನುವ ಸಾಧಾರಣ ತಿಳಿ ಬಿಯರ್ ಸಾಕು. ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಸುರಿಯಬೇಡಿ. ‘ಆಲ್ಕೋಹಾಲ್ ಕುದ್ದು ಹಾರಿಹೋಗುತ್ತೆ’ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಬಿಯರ್ ಬಿದ್ದ ಮೇಲೆ ಕುದಿಸುವುದೇ ಇಲ್ಲ. ಎರಡು ಲೀಟರಿಗೆ 120 ಮಿ.ಲೀ. ತುಂಬ ಕಡಿಮೆ, ಆದರೂ ಇರುತ್ತದೆ. ಬೇಡದವರು ಆಲ್ಕೋಹಾಲ್ ಇಲ್ಲದ ಬಿಯರ್ ಹಾಕಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ‘ಅಲ್ಲಿ ತಿಂದ ಹಾಗಿಲ್ಲ’ ಅನ್ನಿಸಬಹುದು. ಅದು ಸೂಪಿನ ತಪ್ಪಲ್ಲ. ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್‌ನಲ್ಲಿ 1934ರಲ್ಲಿ ಕಾರ್ಡೀಲಿಯಾ ನಾಟ್ ಎಂಬಾಕೆ 65 ಸೆಂಟ್‌ಗೆ ಕೋಳಿ ಊಟ ಹಾಕಲು ಶುರುಮಾಡಿದರು. ಸಾಲು ಎಷ್ಟು ಉದ್ದವಾಯಿತೆಂದರೆ, ಕಾಯುವವರಿಗೆ ಬೇಜಾರಾಗದಿರಲಿ ಅಂತ ಗಂಡ ವಾಲ್ಟರ್ ನಾಟ್ 1940ರಲ್ಲಿ ಒಂದು ಹಳೇ ಕಾಲದ ಊರನ್ನೇ ಕಟ್ಟಲು ಹೊರಟರು. ಇವತ್ತಿನ ನಾಟ್ಸ್ ಬೆರಿ ಫಾರ್ಮ್ ಥೀಮ್ ಪಾರ್ಕ್ ಬೆಳೆದದ್ದು ಹಾಗೆ. ಕಾಯುವುದು, ನಡೆಯುವುದು, ಹಸಿಯುವುದು, ಇವೂ ಪಾರ್ಕಿನ ಊಟದ ಸಾಮಾನುಗಳೇ. ಮನೆಯಲ್ಲಿ ಮಾಡುವಾಗ ನಾವು ಎರಡು ಗಂಟೆ ಚೀಸ್ ವಾಸನೆ ಕುಡಿದು, ನಾಲ್ಕು ಸಲ ರುಚಿ ನೋಡಿ, ಆಮೇಲೆ ಬಡಿಸಿಕೊಳ್ಳುತ್ತೇವೆ. ಮಾಡಿದವರನ್ನು ಕೇಳಬೇಡಿ, ಹೊರಗೆ ಸುತ್ತಾಡಿ ಬಂದವರಿಗೆ ಕೊಟ್ಟು ಕೇಳಿ.

ಮಿಕ್ಕಿದ್ದು ಫ್ರಿಜ್‌ನಲ್ಲಿ ಗಟ್ಟಿ ಮುದ್ದೆಯಾಗುತ್ತದೆ. ಮಾರನೇ ದಿನ ಸ್ವಲ್ಪ ಹಾಲು ಬೆರೆಸಿ, ಸಣ್ಣ ಉರಿಯಲ್ಲಿ, ಕುದಿ ಬರದ ಹಾಗೆ ಬಿಸಿ ಮಾಡಿ. ತುಸು ಒಡೆದ ಹಾಗೆ ಕಂಡರೆ ಒಲೆಯಿಂದ ಇಳಿಸಿ, ಎರಡು ಚಮಚ ಬೆಚ್ಚಗಿನ ಹಾಲು ಹಾಕಿ ಹ್ಯಾಂಡ್ ಬ್ಲೆಂಡರ್ ಆಡಿಸಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಪೂರ್ತಿ ಒಡೆದು ರಬ್ಬರಾದರೆ ಕೂಡಿಕೊಳ್ಳುವುದಿಲ್ಲ. ನನ್ನ ಮೊದಲ ಪಾತ್ರೆಯದನ್ನು ಸೋಸಿ, ಆ ಉಂಡೆಗಳನ್ನು ಬ್ರೆಡ್ ಮೇಲೆ ಹರಡಿ ಒವನ್‌ನಲ್ಲಿ ಸುಟ್ಟೆ. ಮನೆಯವರು ಇನ್ನೊಂದು ಕೇಳಿ ಹಾಕಿಸಿಕೊಂಡರು. ಅದು ಸೂಪ್ ಆಗಬೇಕಿತ್ತು ಅಂತ ನಾನು ಹೇಳಲಿಲ್ಲ.